‘ನ್ಯೂರೋಟಾಕ್ಸಿನ್’ ಎಂಬ ಪದವನ್ನು ಬಿಡಿಸಿ ಓದುವ ಬಗೆ

ಕೆಲವು ವರ್ಷಗಳ ಹಿಂದೆ ಒಂದು ಮುಂಜಾನೆ, ತಾಲ್ಲೂಕು ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ಕೊಠಡಿಯ ಹೊರಗೆ ನಮ್ಮೂರಿನ ಹೆಂಗಸೊಬ್ಬರು ನನ್ನ ಕೈಗೆ ಒಂದು ಚೀಟಿ ಕೊಟ್ಟರು. ಅವರ ಗಂಡ ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದಾಗ ಕಟ್ಟುಹಾವು ಕಚ್ಚಿತ್ತು. ಚೀಟಿಯಲ್ಲಿ ‘ನ್ಯೂರೋಟಾಕ್ಸಿಕ್’ ಎಂದು ಇಂಗ್ಲಿಷಿನಲ್ಲಿ ಬರೆದು ಅಡಿಗೆರೆ ಎಳೆದಿದ್ದರು. “ನರಕ್ಕೆ ವಿಷ ಏರಿದೆ ಎಂದು ಡಾಕ್ಟರು ಹೇಳಿದರು. ನರ ಎಂದರೆ ಇದೇ ಅಲ್ಲವೇ ಅಣ್ಣಾ?” ಎಂದು ಆಕೆ ತಮ್ಮ ಮೊಣಕೈಯ ಒಳಮಗ್ಗುಲಿನ ನೀಲಿ ಗೆರೆಯನ್ನು ತೋರಿಸಿದರು. ಅದು ರಕ್ತನಾಳ. ಒಳಗೆ ಆಕೆಯ ಗಂಡ ಬಾಯಿಗೆ ಕೊಳವೆ ಹಾಕಿಸಿಕೊಂಡು ಕಣ್ಣು ತೆರೆಯದೆ ಮಲಗಿದ್ದರು. ಪಕ್ಕದಲ್ಲಿದ್ದ ಸಂಬಂಧಿಕರೊಬ್ಬರು, “ವಿಷ ಮಿದುಳಿಗೇ ಹೋಗಿದೆ, ಇನ್ನು ಆಸೆ ಇಟ್ಟುಕೊಳ್ಳಬೇಡಿ” ಎಂದು ಆ ಮನುಷ್ಯನ ತಲೆದೆಸೆಯಲ್ಲೇ ನಿಂತು ಹೇಳುತ್ತಿದ್ದರು.

ಆ ಒಂದು ಪದವನ್ನು ಸರಿಯಾಗಿ ಓದಿದ್ದರೆ ಆ ಮಾತು ಅಲ್ಲಿ ಬರುತ್ತಿರಲಿಲ್ಲ. ಆಸ್ಪತ್ರೆಯ ಚೀಟಿ, ಕೀಟನಾಶಕದ ಡಬ್ಬಿ, ಪತ್ರಿಕೆಯ ಸುದ್ದಿ ಹೀಗೆ ಎಲ್ಲಿ ಈ ಪದ ಕಂಡರೂ ಅದನ್ನು ಬಿಡಿಸಿ ಓದುವುದು ಹೇಗೆ ಎಂಬುದನ್ನು ಅಂದಿನಿಂದ ಅನೇಕರಿಗೆ ಕುಳಿತು ಹೇಳಿಕೊಟ್ಟಿದ್ದೇನೆ. ಅದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ಪದವನ್ನು ನಡುವೆ ಮುರಿಯಿರಿ

ನ್ಯೂರೋ, ಟಾಕ್ಸಿನ್. ವೈದ್ಯರ ಕಾಗದಗಳಲ್ಲಿ ಬರುವ ಉದ್ದುದ್ದ ಪದಗಳು ನಮ್ಮ ಸಮಾಸಪದಗಳಂತೆಯೇ ಕಟ್ಟಿಕೊಂಡವು. ಸಾಮಾನ್ಯವಾಗಿ ಮೊದಲ ಭಾಗ ಅಂಗವನ್ನು ಹೇಳುತ್ತದೆ, ಕೊನೆಯ ಭಾಗ ಆ ಅಂಗಕ್ಕೆ ಏನಾಗಿದೆ ಎಂಬುದನ್ನು. ನ್ಯೂರೈಟಿಸ್ ಎಂದರೆ ನರದ ಉರಿಯೂತ, ನ್ಯೂರಾಲ್ಜಿಯಾ ಎಂದರೆ ನರದ ನೋವು. ಅತ್ತ ಕಡೆಯಿಂದ ನೋಡಿದರೆ ಹೆಪಟೋಟಾಕ್ಸಿಕ್ ಯಕೃತ್ತಿಗೆ ವಿಷ, ನೆಫ್ರೋಟಾಕ್ಸಿಕ್ ಮೂತ್ರಪಿಂಡಕ್ಕೆ ವಿಷ, ಕಾರ್ಡಿಯೋಟಾಕ್ಸಿಕ್ ಹೃದಯಕ್ಕೆ ವಿಷ. ಈ ಒಂದು ಅಭ್ಯಾಸ ಕೈಗೆ ಹತ್ತಿದರೆ ಬಿಡುಗಡೆ ಪತ್ರದ ಅರ್ಧ ಭಾಗ ತಾನಾಗಿಯೇ ಅರ್ಥವಾಗುತ್ತದೆ.

ಈಗ ಒಂದೊಂದೇ ತುಂಡನ್ನು ಕೈಗೆ ತೆಗೆದುಕೊಳ್ಳೋಣ. ‘ನ್ಯೂರಾನ್’ ಎಂಬುದು ಹಳೆಯ ಗ್ರೀಕ್ ಪದ. ಅದಕ್ಕೆ ಮೊದಲಿದ್ದ ಅರ್ಥ ನರ ಎಂದಲ್ಲ. ಮಾಂಸವನ್ನು ಮೂಳೆಗೆ ಬಿಗಿಯುವ ಬಿಳಿಯ ಹುರಿ ಎಂದು. ಎತ್ತಿನ ದೇಹದಿಂದ ತೆಗೆದ ಆ ಹುರಿಯನ್ನು ಹೊಸೆದು ಬಿಲ್ಲಿಗೆ ಹೆದೆ ಮಾಡುತ್ತಿದ್ದರು. ಹೋಮರನ ಇಲಿಯಡ್ ಕಾವ್ಯದಲ್ಲಿ ಪಾಂಡರಸ್ ಎಂಬ ಬಿಲ್ಲುಗಾರ ಬಾಣ ಹೂಡಿ ಎಳೆಯುವ ಹೆದೆಗೆ ಇದೇ ಪದವಿದೆ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಹೀರೋಫಿಲಸ್ ಮತ್ತು ಎರಸಿಸ್ಟ್ರಾಟಸ್ ಎಂಬ ಇಬ್ಬರು ವೈದ್ಯರು ಮನುಷ್ಯರ ಶವಗಳನ್ನು ಸೀಳಿ ನೋಡಿದರು. ಬಿಳಿಯ ಹುರಿಗಳಲ್ಲಿ ಕೆಲವು ಮೂಳೆಗೆ ಅಂಟಿಕೊಳ್ಳದೆ ಬೆನ್ನುಹುರಿಗೂ ಮಿದುಳಿಗೂ ಹೋಗಿ ಸೇರುವುದು ಅವರ ಗಮನಕ್ಕೆ ಬಂತು. ಅಂಥವು ಅರಿವನ್ನೂ ಚಲನೆಯನ್ನೂ ಸಾಗಿಸುತ್ತವೆ ಎಂದು ಅವರು ಗುರುತಿಸಿದರು. ನೋಡಲು ಎರಡೂ ಒಂದೇ ಬಗೆಯ ಬಿಳಿಯ ದಾರಗಳಾದ್ದರಿಂದ ಹೆಸರು ಮಾತ್ರ ಹಳೆಯದೇ ಉಳಿಯಿತು. ಸ್ನಾಯುಗಳ ಮೇಲೆ ಹಾಳೆಯಂತೆ ಹರಡಿರುವ ಹುರಿಯನ್ನು ವೈದ್ಯರು ಇವತ್ತಿಗೂ ‘ಅಪೊನ್ಯೂರೋಸಿಸ್’ ಎನ್ನುತ್ತಾರೆ. ಅದರಲ್ಲಿ ನರಕ್ಕೆ ಸಂಬಂಧಿಸಿದ್ದು ಏನೂ ಇಲ್ಲ, ಹೆದೆಯ ಕಾಲದ ಅರ್ಥ ಅಲ್ಲಿ ಹಾಗೆಯೇ ಕುಳಿತಿದೆ.

ಎರಡನೆಯ ತುಂಡಿನಲ್ಲಿ ಬಿಲ್ಲೇ ಇದೆ. ಗ್ರೀಕಿನಲ್ಲಿ ‘ಟಾಕ್ಸಾನ್’ ಎಂದರೆ ಬಿಲ್ಲು. ‘ಟಾಕ್ಸಿಕಾನ್ ಫಾರ್ಮಕಾನ್’ ಎಂದರೆ ಬಿಲ್ಲಿಗೆ ಸಂಬಂಧಿಸಿದ ಮದ್ದು, ಅಂದರೆ ಬಾಣದ ಮೊನೆಗೆ ಬಳಿಯುವ ವಿಷ. ಕಾಲಕ್ರಮದಲ್ಲಿ ‘ಮದ್ದು’ ಎಂಬ ಭಾಗ ಉದುರಿ ‘ಬಿಲ್ಲಿನದು’ ಎಂಬ ಭಾಗವೊಂದೇ ವಿಷ ಎಂಬ ಅರ್ಥವನ್ನು ಹೊತ್ತುಕೊಂಡಿತು. ಲ್ಯಾಟಿನ್ನಿಗೆ ಹೋಗಿ ‘ಟಾಕ್ಸಿಕಂ’ ಆಯಿತು. 1880ರ ದಶಕದಲ್ಲಿ ರೋಗಾಣುಗಳು ಉತ್ಪತ್ತಿ ಮಾಡುವ ವಿಷಗಳನ್ನು ಬೇರ್ಪಡಿಸುತ್ತಿದ್ದ ಜರ್ಮನಿಯ ಲುಡ್ವಿಗ್ ಬ್ರೀಗರ್ ಅವುಗಳನ್ನು ‘ಟಾಕ್ಸಿನ್’ ಎಂದು ಕರೆದ. ನರಕ್ಕೆ ತಾಗುವ ವಿಷಕ್ಕೆ ‘ನ್ಯೂರೋಟಾಕ್ಸಿನ್’ ಎಂಬ ಜೋಡುಪದ 19ನೆಯ ಶತಮಾನ ಮುಗಿದು 20ನೆಯದು ತೊಡಗುವ ಆಸುಪಾಸಿನಲ್ಲಿ ಬಳಕೆಗೆ ಬಂತು.

ಹೀಗೆ ಒಂದು ಕಡೆ ಹೆದೆ, ಇನ್ನೊಂದು ಕಡೆ ಬಾಣಕ್ಕೆ ಬಳಿದ ವಿಷ. ಪ್ರಯೋಗಾಲಯದಲ್ಲಿ ಹುಟ್ಟಿದ ಪದದೊಳಗೆ ಒಂದು ಇಡೀ ಬಿಲ್ಲು ಅಡಗಿದೆ. ಇಲ್ಲಿಗೇ ಇದು ಮುಗಿಯುವುದೂ ಇಲ್ಲ. ತುಕ್ಕುಮೊಳೆ ಚುಚ್ಚಿದ ಗಾಯದಿಂದ ಬರುವ ಆ ಭಯಂಕರ ಕಾಯಿಲೆಗೆ ನಾವು ಏನೆನ್ನುತ್ತೇವೆ? ಧನುರ್ವಾಯು. ಮೈ ಬಿಲ್ಲಿನಂತೆ ಬಾಗುವ ರೋಗ. ಸುಶ್ರುತ ಸಂಹಿತೆ ಇದನ್ನು ಧನುಃಸ್ತಂಭ ಎನ್ನುತ್ತದೆ. ಗ್ರೀಕರು ಇಟ್ಟ ‘ಟೆಟನಸ್’ ಎಂಬ ಹೆಸರಿಗೆ ಬಿಗಿಯಾಗಿ ಎಳೆದದ್ದು ಎಂದರ್ಥ. ಮಣ್ಣಿನಲ್ಲಿ ಇರುವ ಒಂದು ಬ್ಯಾಕ್ಟೀರಿಯಾ ಗಾಯದೊಳಗೆ ಬೆಳೆದು ತಯಾರಿಸುವ ನರವಿಷವೇ ಈ ರೋಗದ ಕಾರಣ. ಇದುವರೆಗೆ ತಿಳಿದಿರುವ ಅತಿ ಪ್ರಬಲ ವಿಷಗಳಲ್ಲಿ ಅದೂ ಒಂದು. 1890ರಲ್ಲಿ ಬರ್ಲಿನ್ನಿನಲ್ಲಿ ಎಮಿಲ್ ಫಾನ್ ಬೆರಿಂಗ್ ಮತ್ತು ಜಪಾನಿನ ಕಿಟಾಸಾಟೊ ಶಿಬಾಸಬುರೊ, ಈ ವಿಷವನ್ನು ಸ್ವಲ್ಪಸ್ವಲ್ಪವಾಗಿ ಪಡೆದ ಪ್ರಾಣಿಯ ರಕ್ತದ್ರವಕ್ಕೆ ಆ ವಿಷವನ್ನು ಹತ್ತಿಕ್ಕುವ ಶಕ್ತಿ ಬರುತ್ತದೆಂದು ತೋರಿಸಿದರು. ಅದೇ ದಶಕದಲ್ಲಿ ಆಲ್ಬರ್ಟ್ ಕಾಲ್ಮೆಟ್ ಇದೇ ದಾರಿಯಲ್ಲಿ ಹಾವಿನ ವಿಷಕ್ಕೆ ಪ್ರತಿವಿಷ ತಯಾರಿಸಿದ. ಇವತ್ತು ತಾಲ್ಲೂಕು ಆಸ್ಪತ್ರೆಯ ಫ್ರಿಜ್‌ನಲ್ಲಿರುವ ಪ್ರತಿವಿಷದ ಸೀಸೆ ಆ ಕೆಲಸದ ನೇರ ವಾರಸುದಾರ.

ಹೆಜ್ಜೆ 2: ಕನ್ನಡದಲ್ಲಿ ಯಾವ ‘ನರ’ ಎಂದು ಖಚಿತಪಡಿಸಿಕೊಳ್ಳಿ

ನನ್ನ ಅನುಭವದಲ್ಲಿ ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿ. ಹೆಚ್ಚಿನವರು ಇದನ್ನು ಗೊತ್ತಿರುವ ವಿಷಯವೆಂದು ದಾಟಿಬಿಡುತ್ತಾರೆ.

‘ನರ’ ನಮ್ಮ ಅಚ್ಚ ದ್ರಾವಿಡ ಪದ. ತಮಿಳಿನಲ್ಲಿ ಅದರ ಜೊತೆಗಾರ ‘ನರಂಬು’. ಅಲ್ಲಿ ಯಾಳ್ ಎಂಬ ಹಳೆಯ ವಾದ್ಯದ ತಂತಿಗೂ ಅದೇ ಹೆಸರು. ಉದ್ದವಾಗಿ, ಬಿಗಿಯಾಗಿ ಹರಿದಿರುವುದೆಲ್ಲ ನರವೇ. ಹಾಗಾಗಿ ಕನ್ನಡದ ಒಂದೇ ಪದ ಮೂರು ಅಂಗಗಳಿಗೆ ಓಡಾಡುತ್ತದೆ. ಸೂಜಿ ಹಿಡಿದ ನರ್ಸ್ “ನರ ಸಿಗುತ್ತಿಲ್ಲ” ಎಂದಾಗ ಆಕೆ ಹುಡುಕುತ್ತಿರುವುದು ರಕ್ತನಾಳವನ್ನು. ರಾತ್ರಿ ಮೀನಖಂಡ ಸೆಳೆದು “ನರ ಹಿಡಿದುಕೊಂಡಿದೆ” ಎನ್ನುವಾಗ ಹಿಡಿದುಕೊಂಡಿರುವುದು ಸ್ನಾಯು. ನರರೋಗ ತಜ್ಞರು ‘ನರ’ ಎಂದಾಗ ಮಾತ್ರ ಅದು ಸಂದೇಶ ಸಾಗಿಸುವ ತಂತು. ನ್ಯೂರೋಟಾಕ್ಸಿನ್‌ನಲ್ಲಿರುವುದು ಈ ಮೂರನೆಯ ನರ.

‘ಸ್ನಾಯು’ವಿನ ಕಥೆ ಇನ್ನೂ ವಿಚಿತ್ರ. ಸಂಸ್ಕೃತದಲ್ಲಿ ಸ್ನಾಯು ಎಂದರೆ ಹುರಿ, ಕಟ್ಟು. ಬಿಲ್ಲಿನ ಹೆದೆ ಎಂಬ ಅರ್ಥವೂ ಇದೆ. ಭಾಷಾಶಾಸ್ತ್ರಜ್ಞರ ಪ್ರಕಾರ ಗ್ರೀಕಿನ ನ್ಯೂರಾನ್ ಮತ್ತು ನಮ್ಮ ಸ್ನಾಯು ಒಂದೇ ಬೇರಿನಿಂದ ಬಂದ ದಾಯಾದಿಗಳು. ಒಂದು ಪಶ್ಚಿಮಕ್ಕೆ ಹೋಗಿ ನರ ಎಂಬ ಅರ್ಥ ಪಡೆಯಿತು, ಇನ್ನೊಂದು ಕನ್ನಡಕ್ಕೆ ಬಂದು ಮಾಂಸಖಂಡ ಎಂಬ ಅರ್ಥ ಪಡೆಯಿತು. ನರವಿಷ ತಾಗಿದಾಗ ಕೆಡುವುದು ನರದ ಕೆಲಸ, ಆದರೆ ಹೊರಗೆ ಕಾಣಿಸುವುದು ಸ್ನಾಯುವಿನ ಸೋಲು. ದಾಯಾದಿಗಳು ಅಲ್ಲಿ ಮತ್ತೆ ಒಟ್ಟಾಗುತ್ತಾರೆ.

ವಿಷಕ್ಕೆ ನಮ್ಮ ಸ್ವಂತ ಪದ ನಂಜು. ಹಾಲಾಹಲವನ್ನು ಉಂಡ ಶಿವ ನಂಜುಂಡ, ಅವನ ಊರು ನಂಜನಗೂಡು. ಇಷ್ಟು ಸೊಗಸಾದ ಪದವಿದ್ದರೂ ‘ನರನಂಜು’ ಎಂದು ಹೇಳಬೇಡಿ ಎಂಬುದು ನನ್ನ ಸಲಹೆ. ಏಕೆಂದರೆ ಇವತ್ತು ಗಾಯ ಕೀವುಗಟ್ಟಿದರೆ ‘ನಂಜಾಗಿದೆ’ ಎನ್ನುತ್ತೇವೆ; ಕೇಳಿದವರು ಇದನ್ನು ಸೋಂಕು ಎಂದೇ ತಿಳಿಯುತ್ತಾರೆ. ‘ನರವಿಷ’ ಎನ್ನುವುದು ಸರಿ. (ವಿಷ ಎಂಬ ಸಂಸ್ಕೃತ ಪದಕ್ಕೂ ಲ್ಯಾಟಿನ್ನಿನ ವೈರಸ್ ಎಂಬ ಪದಕ್ಕೂ ಮೂಲ ಒಂದೇ, ವೈರಸ್ ಎಂದರೂ ಮೊದಲು ವಿಷವೆಂದೇ ಅರ್ಥವಿತ್ತು.) ಹಿರಿಯರಿಗೆ ವಿವರಿಸುವಾಗ ನಾನು ಹೀಗೆ ಹೇಳುತ್ತೇನೆ: “ಅಮ್ಮಾ, ರಕ್ತ ಹರಿಯುವ ನರವಲ್ಲ. ಮಿದುಳಿನಿಂದ ಕೈಕಾಲಿಗೆ ಸುದ್ದಿ ಒಯ್ಯುವ ದಾರ. ಆ ದಾರದ ಕೆಲಸವನ್ನು ವಿಷ ತಡೆದಿದೆ.”

ಹೆಜ್ಜೆ 3: ವಿಷವನ್ನು ತಯಾರಿಸಿದ್ದು ಯಾರು ಎಂದು ಕೇಳಿ

ಕಟ್ಟುನಿಟ್ಟಾಗಿ ಹೇಳುವುದಾದರೆ ಜೀವಿಯೊಂದು ತಯಾರಿಸಿದ ವಿಷ ಮಾತ್ರ ಟಾಕ್ಸಿನ್. ಅದನ್ನು ಹಲ್ಲಿನಿಂದಲೋ ಕೊಂಡಿಯಿಂದಲೋ ಚುಚ್ಚಿ ಒಳಗೆ ಬಿಟ್ಟರೆ ವೆನಮ್. ಸೀಸ, ಪಾದರಸ, ಕಾರ್ಖಾನೆಯ ಕೀಟನಾಶಕ ಇಂಥವಕ್ಕೆ ಟಾಕ್ಸಿಕೆಂಟ್ ಎಂಬ ಬೇರೆ ಹೆಸರಿದೆ. ಆದರೆ ವೈದ್ಯರ ಮಾತಿನಲ್ಲೂ ಪತ್ರಿಕೆಗಳಲ್ಲೂ ಎಲ್ಲವನ್ನೂ ನ್ಯೂರೋಟಾಕ್ಸಿನ್ ಎಂದುಬಿಡುವುದು ರೂಢಿ. ಆದ್ದರಿಂದ ಈ ಪದವೊಂದರಿಂದಲೇ ಮೂಲ ಗೊತ್ತಾಗುವುದಿಲ್ಲ, ಕೇಳಿ ತಿಳಿದುಕೊಳ್ಳಬೇಕು. ಹಾವಿನದೋ, ಆಹಾರದಲ್ಲಿ ಬೆಳೆದ ಬ್ಯಾಕ್ಟೀರಿಯಾದ್ದೋ, ಗಿಡದ್ದೋ, ಡಬ್ಬಿಯದೋ ಎಂಬುದರ ಮೇಲೆ ಚಿಕಿತ್ಸೆ ಬದಲಾಗುತ್ತದೆ.

ಗಿಡದ ವಿಷಕ್ಕೆ ದೂರ ಹೋಗಬೇಕಾಗಿಲ್ಲ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಬೆಳೆಯುವ ಕಾಸರಕದ ಮರದ ಬೀಜದಲ್ಲಿ ಸ್ಟ್ರಿಕ್ನಿನ್ ಇದೆ. 1818ರಲ್ಲಿ ಫ್ರಾನ್ಸಿನ ಪೆಲೆಟಿಯೆ ಮತ್ತು ಕ್ಯಾವೆಂಟು ಅದನ್ನು ಈ ಮರದ ಹತ್ತಿರದ ಸಂಬಂಧಿಯಿಂದ ಬೇರ್ಪಡಿಸಿದರು. ಅದು ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಹದ್ದುಬಸ್ತಿನಲ್ಲಿಡುವ ಕಡಿವಾಣವನ್ನು ಕಳಚುತ್ತದೆ. ಧನುರ್ವಾಯುವಿನಂತೆಯೇ ಮೈ ಬಿಲ್ಲಾಗುತ್ತದೆ. ಕಾಸರಗೋಡು ಎಂಬ ಊರಿನ ಹೆಸರು ಈ ಮರದಿಂದಲೇ ಬಂದದ್ದೆಂಬ ಒಂದು ಅಭಿಪ್ರಾಯವಿದೆ. ಆ ಊರಿನ ಮಾತು ಮುಂದೆ ಮತ್ತೆ ಬರುತ್ತದೆ.

ಹೆಜ್ಜೆ 4: ವಿಷ ತಾಗಿರುವ ಜಾಗವನ್ನು ಗುರುತಿಸಿ

ಈ ಹೆಜ್ಜೆಯನ್ನು ದಯವಿಟ್ಟು ನಿಧಾನವಾಗಿ ಓದಿ.

ನರವೂ ಸ್ನಾಯುವೂ ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ಕೂದಲೆಳೆಗಿಂತಲೂ ಬಹಳ ಕಿರಿದಾದ ಒಂದು ಸಂದು ಇದೆ. ನರದ ತುದಿ ಒಂದು ಅಂಚೆ ಕಚೇರಿ ಎಂದುಕೊಳ್ಳಿ. ಅದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಪತ್ರದಂತೆ ಕಳುಹಿಸುತ್ತದೆ. ಸ್ನಾಯುವಿನ ಮೇಲ್ಮೈಯಲ್ಲಿ ಆ ಪತ್ರ ಹಾಕುವ ಪೆಟ್ಟಿಗೆಗಳಿವೆ. ಪತ್ರ ಬಿದ್ದ ಕೂಡಲೇ ಸ್ನಾಯು ಸಂಕುಚಿಸುತ್ತದೆ, ಓದಿ ಮುಗಿದ ಪತ್ರವನ್ನು ಒಂದು ಕಿಣ್ವ ಆ ಕ್ಷಣವೇ ಗುಡಿಸಿ ಹಾಕುತ್ತದೆ.

ನಾಗರಹಾವಿನ ನರವಿಷ ಪೆಟ್ಟಿಗೆಗಳ ಬಾಯಿ ಮುಚ್ಚುತ್ತದೆ. ಪತ್ರ ಬರುತ್ತದೆ, ಹಾಕಲು ಜಾಗವಿಲ್ಲ. ಕಟ್ಟುಹಾವಿನ ವಿಷದ ಮುಖ್ಯ ಭಾಗ ಅಂಚೆ ಕಚೇರಿಯನ್ನೇ ಕೆಡವುತ್ತದೆ. ಕೆಟ್ಟ ನರತುದಿ ಮತ್ತೆ ಚಿಗುರಬೇಕು; ಅದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಆಗಿಹೋದ ಹಾನಿಯನ್ನು ಪ್ರತಿವಿಷ ಹಿಂದಕ್ಕೆ ತಿರುಗಿಸಲಾರದು. ಅಲ್ಲಿಯವರೆಗೆ ಉಸಿರಾಟದ ಯಂತ್ರ ರೋಗಿಯನ್ನು ಕಾಯುತ್ತದೆ. “ಇಷ್ಟು ಸೀಸೆ ಔಷಧಿ ಕೊಟ್ಟರೂ ಏಕೆ ಏಳಲಿಲ್ಲ?” ಎಂದು ವೈದ್ಯರ ಮೇಲೆ ಸಿಟ್ಟಾಗುವವರಿಗೆ ಈ ಒಂದು ವ್ಯತ್ಯಾಸ ತಿಳಿದಿರಬೇಕು. ಕೆಟ್ಟ ಡಬ್ಬಿಯ ಆಹಾರದಲ್ಲಿ ಹುಟ್ಟುವ ಬೊಟುಲಿನಂ ವಿಷ ಪತ್ರಗಳನ್ನು ಕಚೇರಿಯಿಂದ ಹೊರಗೇ ಬಿಡುವುದಿಲ್ಲ. ಮೊನೊಕ್ರೊಟೊಫಾಸ್‌ನಂಥ ಆರ್ಗನೊಫಾಸ್ಫೇಟ್ ಕೀಟನಾಶಕದ ಕೆಲಸ ಇದಕ್ಕೆ ಪೂರ್ತಿ ತಿರುಗುಮುರುಗು. ಅದು ಗುಡಿಸುವ ಕಿಣ್ವದ ಕೈ ಕಟ್ಟಿಹಾಕುತ್ತದೆ. ಪತ್ರಗಳು ರಾಶಿ ಬೀಳುತ್ತವೆ, ಸ್ನಾಯುಗಳು ಅದುರಿ ಅದುರಿ ಕೊನೆಗೆ ಸೋತು ಬೀಳುತ್ತವೆ. ಎರಡನೆಯ ಮಹಾಯುದ್ಧಕ್ಕೆ ಮೊದಲು ಜರ್ಮನಿಯಲ್ಲಿ ಗೆರ್ಹಾರ್ಡ್ ಶ್ರಾಡರ್ ಎಂಬ ರಸಾಯನಶಾಸ್ತ್ರಜ್ಞ ಕೀಟನಾಶಕ ಹುಡುಕುತ್ತ ಹೊರಟು ಟಾಬುನ್, ಸಾರಿನ್ ಎಂಬ ಯುದ್ಧವಿಷಗಳನ್ನು ಕಂಡುಹಿಡಿದದ್ದು ಇದೇ ರಾಸಾಯನಿಕ ಕುಟುಂಬದಲ್ಲಿ.

ಈಗ ಮುಖ್ಯ ಮಾತು. ಮೇಲೆ ಹೇಳಿದ ಹಾವಿನ ವಿಷ ಕೆಲಸ ಮಾಡುವುದು ನರ ಮುಗಿದು ಸ್ನಾಯು ತೊಡಗುವ ಆ ಸಂದಿನಲ್ಲಿ. ಮಿದುಳಿನಲ್ಲಲ್ಲ. ರೆಪ್ಪೆ ಎತ್ತುವ ಸ್ನಾಯು ಸೋತಿದೆ, ಆದ್ದರಿಂದ ಕಣ್ಣು ಮುಚ್ಚಿದೆ. ನಾಲಿಗೆ, ಕುತ್ತಿಗೆ, ಎದೆ ಎಲ್ಲವೂ ಸೋತಿವೆ. ಕೆಲವರಲ್ಲಿ ಕಣ್ಣಿನ ಪಾಪೆಯೂ ಬೆಳಕಿಗೆ ಕದಲುವುದಿಲ್ಲ. ನೋಡಿದವರಿಗೆ ಮಿದುಳು ನಿಂತುಹೋದಂತೆಯೇ ಕಾಣುತ್ತದೆ. ಒಳಗೆ ಮನುಷ್ಯನಿಗೆ ಎಚ್ಚರ ಇರಬಹುದು.

ನಮ್ಮೂರಿನ ಆ ಮನುಷ್ಯನ ಬಾಯಿಂದ ಐದನೆಯ ದಿನ ಕೊಳವೆ ತೆಗೆದರು. ಮಾತು ಬಂದ ಮೇಲೆ ಅವರು ಹೆಂಡತಿಗೆ ಹೇಳಿದ ಮೊದಲ ವಿಷಯ, “ಆಸೆ ಬಿಡಿ ಎಂದದ್ದು ನನಗೆ ಕೇಳಿಸಿತು. ಇದ್ದೇನೆ ಎನ್ನಲು ಬೆರಳೂ ಏಳಲಿಲ್ಲ.”

ಹೆಜ್ಜೆ 5: ತುರ್ತಿನಲ್ಲಿ ಏನು ಮಾಡಬೇಕು, ಏನು ಮಾಡಬಾರದು

ಹಾವು ಕಚ್ಚಿದ್ದು ನರವಿಷವೋ ರಕ್ತವಿಷವೋ ಎಂಬುದನ್ನು ಲಕ್ಷಣಗಳೇ ಹೇಳುತ್ತವೆ. ಕೊಳಕುಮಂಡಲ ಮತ್ತು ಗರಗಸಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕೆಡುತ್ತದೆ. ಕೊಳಕುಮಂಡಲದ ಕಡಿತದಲ್ಲಿ ಬಾವು, ನೋವು ಬಹಳ. ನರವಿಷದ ಮೊದಲ ಸೂಚನೆ ಜೋಲುವ ರೆಪ್ಪೆ. ಆಮೇಲೆ ಒಂದು ವಸ್ತು ಎರಡಾಗಿ ಕಾಣುವುದು, ಮಾತು ತೊದಲುವುದು, ಉಗುಳು ನುಂಗಲಾಗದಿರುವುದು, ಕತ್ತು ನಿಲ್ಲದಿರುವುದು. ಕಟ್ಟುಹಾವಿನ ಕಡಿತ ಮೋಸಗಾರ. ಅದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಾಗಲಿ ಬಾವಾಗಲಿ ಇರುವುದಿಲ್ಲ ಎನ್ನುವಷ್ಟು ಕಡಿಮೆ, ಹಲ್ಲಿನ ಗುರುತೂ ಕಾಣದಿರಬಹುದು. ನಸುಕಿನಲ್ಲಿ ಎದ್ದವರು ಹೊಟ್ಟೆನೋವು ಎನ್ನುತ್ತಾರೆ, ರೆಪ್ಪೆ ಭಾರವಾಗುತ್ತದೆ. ಇಂಥ ಹೊಟ್ಟೆನೋವಿಗೆ ಜೀರಿಗೆ ಕಷಾಯ ಮಾಡುತ್ತ ಕೂರಬೇಡಿ.

ಕಚ್ಚಿದ ಕೈಗೋ ಕಾಲಿಗೋ ಮುರಿದ ಮೂಳೆಗೆ ಕಟ್ಟುವಂತೆ ಒಂದು ಪಟ್ಟಿ ಇಟ್ಟು ಅಲುಗದಂತೆ ಸಡಿಲವಾಗಿ ಕಟ್ಟಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ರೋಗಿಯನ್ನು ನಡೆಸಬೇಡಿ. ಉಗುಳು ನುಂಗಲಾಗದವರನ್ನು ಅಂಗಾತ ಮಲಗಿಸದೆ ಎಡಕ್ಕೆ ಹೊರಳಿಸಿ ಮಲಗಿಸಿ. ಹಾವನ್ನು ಹಿಡಿಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದು ಬೇಡ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ. 108ಕ್ಕೆ ಕರೆ ಮಾಡಿ, ಪ್ರತಿವಿಷವೂ ಉಸಿರಾಟದ ಯಂತ್ರವೂ ಇರುವ ಆಸ್ಪತ್ರೆ ಯಾವುದು ಎಂದು ಮೊದಲೇ ಕೇಳಿ. ಮಂತ್ರ ಹಾಕಿಸಲು ಹೋದ ಒಂದು ಗಂಟೆ ಉಸಿರಾಟದ ಸ್ನಾಯುಗಳು ಸೋಲಲು ಸಾಕು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು. ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಈಗ ವರದಿ ಮಾಡಬೇಕು. ಇದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ.

ಕೀಟನಾಶಕದ ವಿಷದಲ್ಲಿ ಚಿತ್ರವೇ ಬೇರೆ. ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈತುಂಬ ಬೆವರು, ವಾಂತಿ, ಭೇದಿ. ಚರ್ಮದ ಕೆಳಗೆ ಮಾಂಸ ಹರಿದಾಡಿದಂತೆ ಅದುರುತ್ತದೆ. 2018ರ ಡಿಸೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ದೇವಸ್ಥಾನದ ಪ್ರಸಾದ ತಿಂದವರು ಒಬ್ಬೊಬ್ಬರಾಗಿ ಕುಸಿದು ಬಿದ್ದದ್ದು, ಹದಿನೈದಕ್ಕೂ ಹೆಚ್ಚು ಮಂದಿ ತೀರಿಕೊಂಡದ್ದು ಇಂಥ ಕೀಟನಾಶಕ ಬೆರೆತದ್ದರಿಂದ. 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳನ್ನು ಕೊಂದದ್ದೂ ಮೊನೊಕ್ರೊಟೊಫಾಸ್.

ಸಿಂಪಡಿಸುವಾಗ ಮೈಮೇಲೆ ಬಿದ್ದಿದ್ದರೆ ಬಟ್ಟೆ ಬಿಚ್ಚಿಸಿ ಸೋಪು ಹಚ್ಚಿ ನೀರು ಸುರಿದು ತೊಳೆಯಿರಿ. ತೊಳೆಯುವವರು ಕೈಗವಸು ಹಾಕಿಕೊಳ್ಳಬೇಕು, ಚರ್ಮದ ಮೂಲಕವೂ ಈ ವಿಷ ಒಳಗೆ ಇಳಿಯುತ್ತದೆ. ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬಿಯನ್ನು ಮರೆಯದೆ ಜೊತೆಗೆ ಒಯ್ಯಿರಿ. ಅದರ ಮೇಲೆ ವಜ್ರಾಕಾರದ ಚೌಕವಿದೆ, ಕೆಳಗಿನ ಅರ್ಧಕ್ಕೆ ಬಣ್ಣವಿದೆ: ಕೆಂಪು ಅತಿ ತೀವ್ರ, ಆಮೇಲೆ ಹಳದಿ, ನೀಲಿ, ಎಲ್ಲಕ್ಕಿಂತ ಕಡಿಮೆ ಹಸಿರು. ವಿಷದ ಹೆಸರು, ಪ್ರತ್ಯೌಷಧದ ಹೆಸರು ಎರಡೂ ಚೀಟಿಯಲ್ಲಿ ಅಚ್ಚಾಗಿರುತ್ತವೆ. ಆರ್ಗನೊಫಾಸ್ಫೇಟ್‌ಗೆ ಅಟ್ರೋಪಿನ್ ಕೊಡುತ್ತಾರೆ. ವೈದ್ಯರಿಗೆ ಊಹಿಸುವ ಕೆಲಸ ಉಳಿಯದಿದ್ದರೆ ಆ ನಿಮಿಷಗಳು ರೋಗಿಯ ಪಾಲಿಗೆ ಉಳಿಯುತ್ತವೆ.

ಹೆಜ್ಜೆ 6: ಸದ್ದಿಲ್ಲದೆ ಕೆಲಸ ಮಾಡುವವನ್ನು ಮನೆಯಲ್ಲಿ ಹುಡುಕಿ

ನ್ಯೂರೋಟಾಕ್ಸಿನ್ ಎಂದರೆ ತಕ್ಷಣ ಕುಸಿದು ಬೀಳುವುದು ಎಂದಷ್ಟೇ ತಿಳಿದರೆ ಅರ್ಧ ತಿಳಿದಂತೆ. ಕಾಸರಗೋಡಿನ ಗೋಡಂಬಿ ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿದರು. ಗಡಿಯ ಈಚೆ ಬೆಳ್ತಂಗಡಿ, ಪುತ್ತೂರು ಸೀಮೆಯ ಸರ್ಕಾರಿ ಗೇರು ತೋಟಗಳ ಮೇಲೂ ಸುರಿದರು. ಈ ವಿಷ ನರಕೋಶಗಳನ್ನು ಶಾಂತವಾಗಿಡುವ ವ್ಯವಸ್ಥೆಗೆ ಅಡ್ಡಿಯಾಗುತ್ತದೆ, ಸೆಳವು ಬರಿಸುತ್ತದೆ. ಪಡ್ರೆ ಗ್ರಾಮದ ಸುತ್ತ ಮಕ್ಕಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ ಹೆಚ್ಚಾಗಿ ಕಾಣುತ್ತಿರುವುದನ್ನು ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ಗಮನಿಸಿ ಬರೆದರು; ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಲುಪಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಯಿತು. ಬೆಳ್ತಂಗಡಿ ಸೀಮೆಯ ಕೊಕ್ಕಡದಲ್ಲಿರುವ ಪಾಲನಾ ಕೇಂದ್ರಕ್ಕೆ ಬರುವ ಮಕ್ಕಳ ತಾಯಂದಿರ ಪಾಲಿಗೆ ಸಿಂಪಡಣೆ ನಿಂತ ದಿನಕ್ಕೆ ಏನೂ ಮುಗಿದಿರಲಿಲ್ಲ.

ಮನೆಯೊಳಗೆ ನೋಡಬೇಕಾದವು ಇವು. ಹಳೆಯ ಬಣ್ಣ ಸುಲಿಯುತ್ತಿರುವ ಕಿಟಕಿ, ಬಾಗಿಲು. ಆ ಚಕ್ಕೆಯಲ್ಲಿ ಸೀಸ ಇರಬಹುದು, ಅಂಬೆಗಾಲಿಡುವ ಮಗು ಅದನ್ನು ಬಾಯಿಗೆ ಹಾಕಿಕೊಳ್ಳುತ್ತದೆ. 2016ರ ನಿಯಮ ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಮಿತಿಗೊಳಿಸಿದೆ, ಆದರೆ ಗೋಡೆಗಳು ಅದಕ್ಕಿಂತ ಹಳೆಯವು. ಬಿಡಿಯಾಗಿ ಮಾರುವ ಅತಿ ಹೊಳಪಿನ ಅರಿಶಿನಪುಡಿಗೆ ಲೆಡ್ ಕ್ರೋಮೇಟ್ ಬೆರೆಸುವ ಕಲಬೆರಕೆ ಇದೆ. ಕೊಂಬು ತಂದು ಪುಡಿ ಮಾಡಿಸುವುದು ಒಳ್ಳೆಯದು. ಕೆಲವು ಸುರ್ಮಗಳಲ್ಲೂ ಸೀಸವಿದೆ. ಹಳೆಯ ಬ್ಯಾಟರಿಯನ್ನು ಮನೆಯಂಗಳದಲ್ಲಿ ಒಡೆಯುವುದು, ಕರಗಿಸುವುದು ಬೇಡವೇ ಬೇಡ. ಮಕ್ಕಳ ಮಿದುಳಿಗೆ ಇಷ್ಟು ಸೀಸ ಸುರಕ್ಷಿತ ಎನ್ನಬಹುದಾದ ಮಟ್ಟವೇ ಇಲ್ಲ.

ತೊಗರಿಬೇಳೆಗೂ ಕಡಲೆಹಿಟ್ಟಿಗೂ ಬೆರೆಸುವ ಕೇಸರಿ ಬೇಳೆಯನ್ನು ತಿಂಗಳುಗಟ್ಟಲೆ ಮುಖ್ಯ ಆಹಾರವಾಗಿ ತಿಂದರೆ ಕಾಲುಗಳ ಶಕ್ತಿ ಶಾಶ್ವತವಾಗಿ ಹೋಗಬಹುದು. ಪಾದರಸದ ಥರ್ಮಾಮೀಟರ್ ಒಡೆದರೆ ಪೊರಕೆಯಿಂದ ಗುಡಿಸಬೇಡಿ. ಕಿಟಕಿ ತೆರೆದು, ಮಕ್ಕಳನ್ನು ಹೊರಗೆ ಕಳುಹಿಸಿ, ಗಟ್ಟಿ ಕಾಗದದಿಂದ ಮಣಿಗಳನ್ನು ಒಟ್ಟುಮಾಡಿ ಮುಚ್ಚಳವಿರುವ ಸೀಸೆಗೆ ಹಾಕಿ.

ಹುಟ್ಟಿದ ಮಗುವಿನ ನಾಲಿಗೆಗೆ ಜೇನುತುಪ್ಪ ತಾಗಿಸುವ ಪದ್ಧತಿಯ ಬಗ್ಗೆ ಬರೆಯದೆ ಇರಲಾರೆ. ಅದರ ಹಿಂದಿರುವ ಅಜ್ಜಿಯರ ಅಕ್ಕರೆಯನ್ನು ನಾನು ಬಲ್ಲೆ. ಆದರೆ ಜೇನಿನಲ್ಲಿ ಬೊಟುಲಿನಂ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ನಮ್ಮ ಹೊಟ್ಟೆಯಲ್ಲಿ ಅವು ಮೊಳೆಯಲಾರವು, ಹಸುಗೂಸಿನ ಎಳೆಯ ಕರುಳಿನಲ್ಲಿ ಮೊಳೆತು ನರವಿಷ ತಯಾರಿಸಬಲ್ಲವು. ಮಲಬದ್ಧತೆ, ಬಲವಿಲ್ಲದ ಅಳು, ಹಾಲು ಚೀಪಲಾಗದಿರುವುದು, ತಲೆ ಜೋತುಬೀಳುವುದು ಅದರ ಲಕ್ಷಣಗಳು. ಒಂದು ವರ್ಷ ತುಂಬುವವರೆಗೆ ಜೇನು ಬೇಡ, ಒಂದು ಹನಿಯೂ ಬೇಡ.

ಹೆಜ್ಜೆ 7: ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

ಚೀಟಿಯಲ್ಲಿ ಈ ಪದ ಕಂಡರೆ ಅಳು ನುಂಗಿಕೊಂಡು ಇವನ್ನು ಕೇಳಿ. ಗಾಬರಿಯಲ್ಲಿ ಮರೆಯುತ್ತದೆ, ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.

“ಡಾಕ್ಟರೇ, ಈ ವಿಷ ಎಲ್ಲಿಂದ ಬಂದದ್ದು?”

“ತಾಗಿರುವುದು ಮಿದುಳಿಗೋ, ಬೆನ್ನುಹುರಿಗೋ, ನರ ಮತ್ತು ಸ್ನಾಯು ಸೇರುವ ಜಾಗಕ್ಕೋ?”

“ಇದಕ್ಕೆ ಪ್ರತಿವಿಷ ಅಥವಾ ಪ್ರತ್ಯೌಷಧ ಇದೆಯೇ? ಅದು ವಿಷವನ್ನು ತಡೆಯುತ್ತದೆಯೋ, ಆದ ಹಾನಿಯನ್ನೂ ಸರಿಪಡಿಸುತ್ತದೆಯೋ?”

“ಉಸಿರಾಟದ ಯಂತ್ರ ಎಷ್ಟು ದಿನ ಬೇಕಾಗಬಹುದು? ಅಷ್ಟು ದಿನದ ವ್ಯವಸ್ಥೆ ಇಲ್ಲಿ ಇದೆಯೇ, ಈಗಲೇ ಬೇರೆ ಕಡೆಗೆ ಸಾಗಿಸಬೇಕೇ?”

ಇಷ್ಟು ಕೇಳಿ ಮುಗಿಸಿದ ಮೇಲೆ ಇನ್ನೊಂದು ಉಳಿದಿದೆ: “ನಾವು ಮಾತನಾಡುವುದು ಅವರಿಗೆ ಕೇಳಿಸುತ್ತಿರಬಹುದೇ?” ಹೌದು ಎಂದು ವೈದ್ಯರು ಹೇಳಿದರೆ ಹಾಸಿಗೆಯ ಹತ್ತಿರ ಹೋಗಿ, ಹೆಸರು ಹಿಡಿದು ಕರೆದು, ಇವತ್ತು ಯಾವ ವಾರ, ಈಗ ಎಷ್ಟು ಗಂಟೆ, ಯಾವ ಆಸ್ಪತ್ರೆಯಲ್ಲಿದ್ದೀರಿ, ರೆಪ್ಪೆ ಏಕೆ ಏಳುತ್ತಿಲ್ಲ ಎಂದು ಒಂದೊಂದಾಗಿ ತಿಳಿಸಿ. ನಮ್ಮೂರಿನ ಆ ಹೆಂಗಸು ಎರಡನೆಯ ದಿನದಿಂದ ಹಾಗೆಯೇ ಮಾಡಿದರು. ದನಗಳಿಗೆ ಹುಲ್ಲು ಹಾಕಿದ್ದು, ಮಗಳು ಶಾಲೆಗೆ ಹೋದದ್ದು, ಹೊಲಕ್ಕೆ ನೀರು ಬಿಟ್ಟದ್ದು ಎಲ್ಲವನ್ನೂ ಕಿವಿಯ ಬಳಿ ಕುಳಿತು ಹೇಳಿದರು.